ಹಿಟ್ಟಿನ ಮೈ

ರೊಟ್ಟಿಯ ಹಿಟ್ಟಿಗೆ ಕುದಿನೀರು ಸುರಿದು, ಅದು ಕೈಗೆ ತಾಳುವಷ್ಟು ಆರಲೆಂದು ಕಾಯುವ ಹೊತ್ತು ಬೇರೆ ಯಾವ ಕೆಲಸಕ್ಕೂ ಸಾಲದು. ಶಹಾಪುರದ ನನ್ನ ಅಡಿಗೆಮನೆಯಲ್ಲಿ ಆ ಹೊತ್ತನ್ನು ಸ್ಪ್ಯಾನಿಷ್ ಕಲಿಯಲು ಕೊಟ್ಟಿದ್ದೇನೆ. ಯಾಕೆಂದು ಕೇಳಬೇಡಿ. ಶಾಲೆಯಲ್ಲಿ ಇಡೀ ದಿನ ಕಲಿಸುವವಳಿಗೆ ದಿನಕ್ಕೊಮ್ಮೆ ತಾನೂ ತಪ್ಪುವ ಸುಖ ಬೇಕು. ಹಿಟ್ಟಿನ ಡಬ್ಬಿಗೆ ಒರಗಿದ ಫೋನು ಮೊನ್ನೆ ಹೊಸ ಪಾಠ ಹೇಳಿತು: ‘ಕೊಮೊ ಸಿ’, ಎಂದರೆ ‘ಆಗಿದ್ದರೆ ಹೇಗೋ ಹಾಗೆ’. ಈ ಮಾತು ಬಂದೊಡನೆ ಆ ಜನರ ಕ್ರಿಯಾಪದ ದಿನದ ಉಡುಪನ್ನು ಕಳಚಿ ಬೇರೊಂದನ್ನು ತೊಡಬೇಕಂತೆ. ‘ಕೊಮೊ ಸಿ ಎಸ್ತುವಿಯೆರಾ ವಿವೊ’: ಬದುಕಿರುವವನ ಹಾಗೆ. ಬದುಕಿದ್ದಾನೆ ಎನ್ನುವಾಗಿನ ಪದ ಬೇರೆ, ಇದು ಬೇರೆ. ಹೀಗೆ ನುಡಿದವನು, ಇದು ನಿಜವೆಂದು ನಾನು ಸಾರುತ್ತಿಲ್ಲ ಎಂದು ಮೊದಲೇ ತಿಳಿಸಿಬಿಟ್ಟಿರುತ್ತಾನೆ. ನಾನು ಕೈ ಹಾಕುವಷ್ಟರಲ್ಲಿ ಹಿಟ್ಟು ತಣ್ಣಗಾಗಿತ್ತು.

ಕೆಲವು ವರ್ಷಗಳ ಹಿಂದೆ, ಕೊಡೇಕಲ್ ಹತ್ತಿರದ ಹೊಳೆಗೆ, ಪಂಪಿನ ಪೈಪಿಗೆ ಸಿಕ್ಕಿದ ಜೊಂಡು ತೆಗೆಯಲು ಇಳಿದ ನನ್ನ ಅಣ್ಣ ಮೇಲೆ ಬರಲಿಲ್ಲ. ದಂಡೆಯಲ್ಲಿದ್ದವಳು ನಾನೊಬ್ಬಳೇ. ತಲೆ ಕಂಡಿತು, ಒಂದು ಕೈ ಕಂಡಿತು, ಆಮೇಲೆ ನೀರು ಮಾತ್ರ ಕಂಡಿತು. ಕೂಗಿದೆ, ಜನ ಬಂದರು, ಹುಡುಕಿದರು, ದೇಹ ಸಿಗಲಿಲ್ಲ. ಅಂಥವರಿಗೆ ನಮ್ಮ ಮನೆತನದಲ್ಲಿ ಜೋಳದ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಮಾಡುತ್ತಾರೆ. ಕಡೆಯ ಸಲ ಕಂಡವರು ಮೊದಲ ಹಿಡಿ ಮಣ್ಣು ಹಾಕಬೇಕು. ಅದು ಬಿದ್ದ ಮೇಲೆ ಸಾವಿನಲ್ಲಿ ಸಂಶಯವಿಲ್ಲ. ಹೆಂಡತಿಯ ಬಳೆ ಒಡೆಯುತ್ತಾರೆ.

ಹೊಳೆದಂಡೆಯಲ್ಲಿ, ನಮ್ಮ ಸೋದರತ್ತೆ ನಾದಿ ಮಾಡಿದ ಗೊಂಬೆಯನ್ನು ವೈನಿ, ಎಂದರೆ ಅಣ್ಣನ ಹೆಂಡತಿ, ಬಹಳ ಹೊತ್ತು ನೋಡಿದರು.

“ಹೊಟ್ಟಿ ಇನ್ನಷ್ಟ ಹಚ್ರಿ ಅತ್ತಿ. ಇಷ್ಟ ಬಡಕ ಇರಲಿಲ್ಲ ಅವರು.”

ಯಾರೋ ನಕ್ಕು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತೆ ಹಿಟ್ಟು ಹಚ್ಚಿದರು. ನಾನು ಮಣ್ಣು ಎತ್ತಿಕೊಂಡಾಗ ವೈನಿ ನನ್ನ ಮಣಿಕಟ್ಟು ಹಿಡಿದರು.

“ಮುಳುಗಿದ್ದು ನೋಡೀಯೇನವಾ?”

“ಕೈ ಕಂಡಿತ್ರಿ ವೈನಿ. ಕರದಂಗಿತ್ತು. ಕರದಾನ ಅಂತ ಹೇಳಾಕ ಆಗಂಗಿಲ್ಲ. ಆಮ್ಯಾಲ ಕಾಣಲಿಲ್ಲ.”

“ಹಂಗಾದ್ರ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಇಬ್ಬರೂ ಕೂಡೇ ಹಾಕೂಣು. ಬಳಿ ಮಾತ್ರ ಯಾರೂ ಮುಟ್ಟಬ್ಯಾಡ್ರಿ.”

ಅತ್ತೆ ಬಿಡಲಿಲ್ಲ. “ಬಳಿ ಇಟಗೊಂಡು ಗಂಡಗ ಮಣ್ಣ ಹಾಕ್ತಾಳಂತ! ಕೇಳಿದಿರೇನ್ರೆ?”

“ಗೊಂಬಿಗೆ ಹಾಕಾಕತ್ತೇನ್ರಿ ಅತ್ತಿ, ಅವರಿಗಲ್ಲ.”

ಇಬ್ಬರ ಹಿಡಿಯ ಮಣ್ಣು ಒಟ್ಟಿಗೇ ಬಿತ್ತು. ಅತ್ತೆ ಮುಖ ತಿರುಗಿಸಿದರು. ಬಳೆಗೆ ಯಾರೂ ಕೈ ಚಾಚಲಿಲ್ಲ.

ಆ ಹಸಿರು ಬಳೆಗಳು ಇಂದಿಗೂ ಇವೆ. ದೂರದ ಒಂದು ನಾಡು ಕ್ರಿಯಾಪದಕ್ಕೆ ಒಪ್ಪಿಸಿದ ಎಚ್ಚರವನ್ನು ವೈನಿ ತಮ್ಮ ಕೈಯ ಮೇಲೆ ಧರಿಸಿ, ಸಂತೆಗೂ ಹೊಲಕ್ಕೂ ಹೋಗಿಬರುತ್ತಾರೆ. ಅವರು ಕಾಯುತ್ತಿದ್ದಾರೆಂದು ನಾನು ಹೇಳಲಾರೆ; ಸಂಜೆ ಬಾಗಿಲು ತೆರೆದಿಡುವುದನ್ನು ಕಂಡಿದ್ದೇನೆ, ಅಷ್ಟೆ.

ಇಂದು ಮತ್ತೆ ಹಿಟ್ಟಿಗೆ ಕುದಿನೀರು ಸುರಿದೆ. ಫೋನು ಹಚ್ಚಲಿಲ್ಲ. ಪೂರ್ತಿ ಆರುವ ಮೊದಲೇ ಕೈಯಿಟ್ಟೆ. ಮೈಯ ಹಾಗೆ ಬೆಚ್ಚಗಿತ್ತು. ತಣ್ಣಗಾಗಲು ಬಿಡದೆ ರೊಟ್ಟಿ ಬಡಿದೆ.