ಅಪ್ಪ ಹಾಕಿಸಿದ ಕಮಾನು ಪಟ್ಟಿ

ನಮ್ಮವ್ವನನ್ನು ಯಾರಾದರೂ ಕೈಹಿಡಿದು ಎಬ್ಬಿಸಲು ಹೋದರೆ ಅವಳಿಗೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರಣಿ. ಸೊಂಟದ ಆಪರೇಷನ್ ಆದ ಮೇಲೂ ಊರುಗೋಲು ಊರಿ ತಾನೇ ಏಳಬೇಕು, ತಾನೇ ಕೂಡಬೇಕು. "ನನ್ನ ಯಾರೂ ಹಿಡೀಬ್ಯಾಡ್ರಿ" ಎಂಬುದು ನಮ್ಮ ಮನೆಯ ಕಾನೂನಾಗಿತ್ತು.

ಆ ಕಾನೂನಿಗೆ ಅಡ್ಡ ಬಂದದ್ದು ಅಪ್ಪನ ಹಳೇ ಕಾರು. ಅಪ್ಪ ಅದನ್ನು ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಕೋಠಿ ಬಜಾರಿನಲ್ಲಿ ಅವನ ಬಟ್ಟೆ ಅಂಗಡಿ ಇತ್ತು. ಈಗ ಅಂಗಡಿಯೂ ಇಲ್ಲ, ಅಪ್ಪನೂ ಇಲ್ಲ, ಕಾರು ಮಾತ್ರ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾಳು ಹೆಕ್ಕುವ ಕೋಳಿಯ ಹಾಗೆ ಹಿಂಭಾಗ ಎತ್ತಿಕೊಂಡು ನಿಂತಿತ್ತು. ಅದರ ಹಿಂದಿನ ಸೀಟಿನ ಎಡಮೂಲೆ ಅವ್ವನ ಜಾಗ. ನನ್ನ ಹೊಸ ಕಾರನ್ನು ಡಬ್ಬಿ ಎನ್ನುತ್ತಿದ್ದಳು, ಬಾಡಿಗೆ ಕಾರಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು. ಆಪರೇಷನ್ ಆದ ಮೇಲೆ ಎರಡು ಸಲ ಹತ್ತಲು ನೋಡಿದಳು. ಕಾಲು ಅಷ್ಟು ಎತ್ತರಕ್ಕೆ ಏಳಲಿಲ್ಲ. ಹಿಡಿಯಲೂ ಬಿಡಲಿಲ್ಲ. ಮೂರನೇ ಸಲ ಅವಳು ಕೆಳಗೇ ಬರಲಿಲ್ಲ. ಬಾಲ್ಕನಿಯಲ್ಲಿ ಕೂತುಬಿಟ್ಟಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಗುಳಿಗೆಗಳ ತೂಕ, ದಪ್ಪ ಅಳೆಯುವವನು. ಅಳತೆಯ ಮಾತು ಬಂದರೆ ನನಗೆ ಕೊಂಬು ಮೂಡುತ್ತದೆ. ಅವ್ವ ಮೆಟ್ಟಿಲ ಮೇಲೆ ಎಷ್ಟು ಎತ್ತರಕ್ಕೆ ಕಾಲಿಡುತ್ತಾಳೆಂದು ಕದ್ದು ಅಳೆದೆ. ಕಾರಿನ ಬಾಗಿಲಿನ ಎತ್ತರವನ್ನೂ ಅಳೆದೆ. ಎರಡೂವರೆ ಅಂಗುಲ ಇಳಿಸಿದರೆ ಸಾಕಿತ್ತು. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ. ಅವಕ್ಕೆ ಕಮಾನು ಪಟ್ಟಿ ಎನ್ನುತ್ತಾರೆ. ಅಪ್ಪ ಎರಡೂ ಬದಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದ; ಅವನ್ನು ತೆಗೆಸಿದರೆ ಗಾಡಿ ಅಷ್ಟು ಇಳಿಯುತ್ತಿತ್ತು. ಬಟ್ಟೆ ಗಂಟಿನ ಭಾರ ತಡೆಯಲೆಂದು ಹಾಕಿಸಿರಬೇಕು ಎಂದು ನಾನೇ ಅಂದುಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ, ಬ್ರೇಕು ತೋರಿಸಿಕೊಂಡು ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ, ನಮ್ಮ ಕಾರ್ಖಾನೆಯ ಹಿಂದಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಮಿಸ್ತ್ರಿ ಬೀದರ್ ಕಡೆಯ ಮುದುಕ. ಪಟ್ಟಿಗೆ ಕೈಹಚ್ಚುವ ಮೊದಲು ಆ ಗಾಡಿಯಲ್ಲಿ ಕೂಡುವವರನ್ನೇ ಕರೆಸಿ, ಕೂಡಿಸಿ, ಇಳಿಸಿ ನೋಡುವುದು ಅವನ ಪದ್ಧತಿ.

"ಅಮ್ಮಾರ್ನ ಕರ್ಕೊಂಡು ಬರ್ರಿ ಸಾಬ್. ಕೂಡ್ಲಿ, ಇಳೀಲಿ. ನೋಡಿ ಆಮ್ಯಾಲ ಬಿಚ್ತೀನಿ."

"ಹತ್ತಾಕ ಆಗಂಗಿಲ್ಲಂತಲೇ ನಾ ಬಂದೀನಲ್ರಿ. ನಿಮಗ ಭಾರ ಬೇಕು ಹೌದಿಲ್ಲೋ?" ಎಂದು ನಾನು ಆಸ್ಪತ್ರೆಯ ಹಳೇ ಕಾಗದದಲ್ಲಿದ್ದ ಅವ್ವನ ತೂಕ ನೋಡಿ, ತಲಾ ಮೂವತ್ತು ಕಿಲೋದ ಎರಡು ಅಕ್ಕಿ ಮೂಟೆ ತರಿಸಿ ಎಡಮೂಲೆಯಲ್ಲಿ ಕೂಡಿಸಿದೆ.

ಮಿಸ್ತ್ರಿ ಮೂಟೆಗಳನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕಿ ಬ್ಯಾರೆ, ಅಮ್ಮಾರು ಬ್ಯಾರೆ ಸಾಬ್."

"ತೂಕ ಅಂದ್ರ ತೂಕ" ಎಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಅವನು ಪಟ್ಟಿ ಬಿಚ್ಚಿದ. ಟೇಪು ಹಿಡಿದೆ, ಸರಿಯಾಗಿ ಎರಡೂವರೆ ಅಂಗುಲ. ತೆಗೆದ ಪಟ್ಟಿಗಳನ್ನು ಒಯ್ಯುತ್ತೀರಾ ಎಂದು ಅವನು ಕೇಳಿದ್ದಕ್ಕೆ, ಹಳೇ ಕಬ್ಬಿಣ ತೆಗೆದುಕೊಂಡು ಏನು ಮಾಡಲಿ ಎಂದುಬಿಟ್ಟೆ.

ಭಾನುವಾರ ಅವ್ವ ಕಾರು ಹತ್ತಿದಳು. ಯಾರೂ ಹಿಡಿಯಲಿಲ್ಲ. ಕಾಲಿಟ್ಟಳು, ಹೊರಳಿದಳು, ಕೂತಳು. ಸೀಟಿನ ಮೇಲೆ ಕೈಯಾಡಿಸಿ, "ಬ್ರೇಕ್ ಭಾಳ ಚಲೋ ಮಾಡ್ಯಾನ ನಿನ್ನ ಮಿಸ್ತ್ರಿ" ಎಂದು ನಕ್ಕಳು. ನನ್ನ ಕಳ್ಳತನ ಅವಳಿಗೆ ಅರ್ಧ ತಿಳಿದಿತ್ತು. ಕೋಠಿಗೆ ಹೋದೆವು. ಬಸ್ಸು ಆಟೋಗಳ ನಡುವೆ ಗಾಡಿ ನಿಲ್ಲಿಸಲು ಆಗಲಿಲ್ಲ. ಅಂಗಡಿ ಇದ್ದ ಗಲ್ಲಿಯನ್ನು ಕಿಟಕಿಯಿಂದಲೇ ಕಣ್ತುಂಬ ನೋಡಿಕೊಂಡಳು. ದಾರಿಯುದ್ದಕ್ಕೂ ಮಾತಾಡಿದಳು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಮನೆಗೆ ಬಂದು ಬಾಗಿಲು ತೆಗೆದೆ. ಅವ್ವ ಕಾಲು ಹೊರಗಿಟ್ಟು, ಊರುಗೋಲು ಊರಿ, ಏಳಲು ಹೋದಳು. ಏಳಲಿಲ್ಲ. ಸೀಟು ತಗ್ಗಾಗಿ ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದಿದ್ದವು. ಮತ್ತೊಮ್ಮೆ ಪ್ರಯತ್ನಿಸಿದಳು. ಅರ್ಧಕ್ಕೆ ಬಂದು ಧೊಪ್ಪನೆ ಕುಸಿದಳು. ಮೂರನೇ ಸಲ ಊರುಗೋಲು ಜಾರಿತು. ಅವಳು ಹತ್ತುವುದನ್ನು ಅಳೆದಿದ್ದೆ, ಇಳಿಯುವುದನ್ನು ಅಳೆದಿರಲಿಲ್ಲ. ಅಕ್ಕಿ ಮೂಟೆ ತಾನಾಗಿ ಏಳಬೇಕಾಗಿರಲಿಲ್ಲವಲ್ಲ.

ವಾಚ್‌ಮನ್ ಓಡಿ ಬಂದು "ಅಮ್ಮಾ, ಚೆಯ್ಯಿ ಇವ್ವಂಡಿ" ಎಂದು ತೆಲುಗಿನಲ್ಲಿ ಹೇಳಿ ಕೈ ಚಾಚಿದ. ಅವ್ವ ಅವನನ್ನು ನೋಡಿದ ನೋಟಕ್ಕೆ ಕೈ ಹಿಂದಕ್ಕೆ ಹೋಯಿತು. ನಾನು ಜಾಕ್ ತಂದು ಗಾಡಿ ಎತ್ತಿದೆ. ಒಂದು ಬದಿ ಮಾತ್ರ ಎದ್ದು, ಅವ್ವ ಆ ಕಡೆಗೆ ವಾಲಿ, "ಏ ಖೋಡಿ, ನನ್ನ ಉರುಳಸ್ತೀಯೇನು!" ಎಂದು ಬೈದಳು. ಜಾಕ್ ಇಳಿಸಿದೆ. ಹೆಂಡತಿ ಕಾರಿಗೇ ಚಹಾ ತಂದುಕೊಟ್ಟಳು. ಚಹಾ ಮುಗಿಯಿತು.

ಮಿಸ್ತ್ರಿಗೆ ಫೋನ್ ಮಾಡಿ, ಆ ಪಟ್ಟಿ ಈಗಲೇ ಬೇಕು ಎಂದೆ.

"ಎಲ್ಲೀ ಪಟ್ಟಿ ಸಾಬ್! ಬಕ್ರೀದ್ ಹತ್ರ ಬಂತು. ನಿನ್ನೆ ಸಂಜೀಗೇ ಲೋಹಾರ ಒಯ್ದ. ಇಷ್ಟೊತ್ತಿಗೆ ಚೂರಿ ಆಗಿರ್ತಾವ" ಎಂದ. ಕಮಾನಿನ ಉಕ್ಕಿನ ಚೂರಿ ಬೇಗ ಮೊಂಡಾಗುವುದಿಲ್ಲ. ಹಬ್ಬದ ಮುಂಚೆ ಆ ಕಮ್ಮಾರ ಹಳೇ ಪಟ್ಟಿಗಳನ್ನೆಲ್ಲ ಬಳಿದುಕೊಂಡು ಹೋಗುತ್ತಾನಂತೆ. ಬೇರೆ ಪಟ್ಟಿ ಹುಡುಕಲು ಹದಿನೈದು ದಿನ ಬೇಕು ಎಂದ.

"ಯಾವ ಪಟ್ಟಿ?" ಅವ್ವ ಒಳಗಿನಿಂದ ಕೇಳಿದಳು. "ನಿಮ್ಮಪ್ಪ ಹಾಕ್ಸಿದ್ದಾ?"

"ಹೂಂ. ಬಟ್ಟಿ ಗಂಟಿಗಂತ ಹಾಕ್ಸಿದ್ದಲ್ಲ. ಈಗ ಗಂಟೆಲ್ಲಿ ಅದಾವ ಅಂತ ತೆಗಿಸಿದೆ."

"ಗಂಟು ಲಾರ್ಯಾಗ ಬರ್ತಿದ್ವೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ನೀ ಹೊಟ್ಟ್ಯಾಗಿದ್ದಿ. ಕೋಠ್ಯಾಗ ಒಂದಿನ ಹಿಂಗಽ ಕುಂತಾಕಿ ಏಳಾಕ ಆಗ್ಲಿಲ್ಲ. ಮಂದೆಲ್ಲ ನೋಡಾಕತ್ತಿದ್ರು. ನಿಮ್ಮಪ್ಪ ಕೈ ಕೊಟ್ಟ, ನಾ ಹಿಡೀಲಿಲ್ಲ. ಮರುದಿನ ಹೋಗಿ ಪಟ್ಟಿ ಹಾಕ್ಸಿಕೊಂಡು ಬಂದ. ಒಂದು ಮಾತೂ ಅನ್ಲಿಲ್ಲ."

‘ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ’ ಎಂದು ಅವಳು ಅನ್ನಲಿ, ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಊರುಗೋಲನ್ನು ಸೀಟಿನ ಮೇಲೆ ಮಲಗಿಸಿದಳು. ವಾಚ್‌ಮನ್ ಅತ್ತ ತಿರುಗುವವರೆಗೆ ಕಾಯ್ದು, ಎರಡೂ ಕೈ ನನ್ನತ್ತ ಚಾಚಿದಳು.

"ಹಿಡಿ."

ಭಾರವಿರಬಹುದೆಂದು ಕಾಲೂರಿ, ಬಲ ಹಾಕಿ ಎಳೆದೆ. ಅವ್ವ ಒಂದೇ ಎಳೆತಕ್ಕೆ ಬಂದು ನನ್ನ ಎದೆಗೆ ತಾಗಿದಳು. ಅವಳ ತೂಕ, ನಾನು ಆ ಮೂಲೆಯಲ್ಲಿ ಕೂಡಿಸಿದ್ದ ಎರಡು ಮೂಟೆಯಲ್ಲಿ ಒಂದಕ್ಕಿಂತ ತುಸು ಹೆಚ್ಚು ಇದ್ದಿರಬೇಕು, ಅಷ್ಟೇ.