ಒಂದೇ ಸಲ ಎರಡು ಬದಲಾವಣೆ

ಕೊಂಢವಾ ಎಂಬ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಬಾಟಲಿಯ ಮುಚ್ಚಳ ಪರೀಕ್ಷಿಸುವ ಯಂತ್ರದೊಳಗೆ ಪುಟ್ಟ ಕಂಪ್ಯೂಟರ್ ಕೂರಿಸಿದ್ದೆವು. ಕ್ಯಾಮೆರಾದ ಚಿತ್ರ ಹಿಡಿಯಲು ಅದರಲ್ಲೊಂದು ಕ್ಯಾಪ್ಚರ್ ಕಾರ್ಡ್. ಪರದೆಯ ಮೇಲೆ ಬಣ್ಣವಿಲ್ಲದ ಚಿತ್ರ ಉರುಳುತ್ತಲೇ ಇತ್ತು.

ಕ್ಯಾಮೆರಾದಿಂದ ಕಾರ್ಡಿಗೆ ಬರುವ ಕೇಬಲ್ ಸೋಲ್ಡರ್ ಮಾಡಿದವರು ಬೆಳಗಾವಿ ಕಡೆಯ ದೇಸಾಯರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. "ನನ್ನ ಕೆಲಸದ ಮ್ಯಾಲ ಸಂಶಯ ಬ್ಯಾಡ್ರಿ ಸರ. ಬೇಕಾದ್ರ ಜಗ್ಗಿ ನೋಡ್ರಿ," ಎಂದರು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತಿದ್ದೆ. ಅಂದು ಅವಸರದಲ್ಲಿದ್ದೆ. ಅಂಗಡಿಯ ಹೊಸ ಕೇಬಲ್ ಸಿಕ್ಕಿಸಿದೆ. ಜೊತೆಗೇ ಕಾರ್ಡಿನ ಸೆಟ್ಟಿಂಗನ್ನು ಅಮೆರಿಕದ ಟೀವಿ ಪದ್ಧತಿಯಿಂದ ನಮ್ಮ ದೇಶದ್ದಕ್ಕೆ ತಿರುಗಿಸಿದೆ. ಚಿತ್ರ ಬಣ್ಣ ತುಂಬಿಕೊಂಡು ನಿಂತಿತು. ವರದಿಯಲ್ಲಿ ಸೋಲ್ಡರಿಂಗ್ ದೋಷ ಎಂದು ಬರೆದೆ. ಮುಂದಿನ ಯಂತ್ರಗಳ ವೈರಿಂಗ್ ಬೇರೆಯವರ ಪಾಲಾಯಿತು.

ತಿಂಗಳ ಮೇಲೆ ದೇಸಾಯರ ಹಳೆಯ ಕೇಬಲನ್ನೇ ಸಿಕ್ಕಿಸಿ ನೋಡಿದೆ. ಚಿತ್ರ ಸ್ವಚ್ಛವಾಗಿತ್ತು. ಸೆಟ್ಟಿಂಗ್ ತಪ್ಪಾಗಿ ಇಟ್ಟಿದ್ದವನು ನಾನೇ.

ಬಿಬವೇವಾಡಿಯ ಅವರ ಮನೆಗೆ ಹೋಗಿ ಒಪ್ಪಿಕೊಂಡೆ. ಚಹಾ ಕೊಟ್ಟರು. "ಇದನ್ನ ನನಗ್ಯಾಕ ಹೇಳ್ತೀರಿ ಸರ? ನನಗ ಮೊದಲ ಗೊತ್ತಿತ್ತಲ್ರಿ. ಮ್ಯಾನೇಜರಿಗೆ ಬರದು ಕೊಡ್ರಿ."

ಬರೆದುಕೊಟ್ಟೆ. ಮ್ಯಾನೇಜರ್ ಓದಿ, ಮಷೀನ್ ಓಡುತ್ತಿದೆ ತಾನೆ ಎಂದು ಮರಾಠಿಯಲ್ಲಿ ಕೇಳಿ, ಫೈಲಿಗೆ ಸೇರಿಸಿದರು. ಆ ಫೈಲಿನಲ್ಲಿ ನನ್ನ ಸಹಿಯ ಎರಡು ವರದಿಗಳಿವೆ. ದೇಸಾಯರಿಗೆ ಮತ್ತೆ ಕೆಲಸ ಕೊಡುವ ಮಾತು ಬಂದಾಗಲೆಲ್ಲ ಮೊದಲನೆಯದನ್ನಷ್ಟೇ ಓದುತ್ತಾರಂತೆ. ಅದು ಹೆಚ್ಚು ಸ್ಪಷ್ಟವಾಗಿದೆಯಂತೆ.