ಮೂರು ದಿನ ಯಾರಿಗೂ ಗೊತ್ತಾಗದ ಹೆಣ

ನನ್ನ ಪತ್ತೇದಾರಿ ಕಾದಂಬರಿಯ ಹೆಣ ಮೂರು ದಿನ ಯಾರ ಕಣ್ಣಿಗೂ ಬೀಳದೆ ಬಿದ್ದಿರಬೇಕಿತ್ತು. ಇಡೀ ಪುಸ್ತಕ ನಿಂತದ್ದೇ ಆ ಮೂರು ದಿನಗಳ ಮೇಲೆ. ಮಳೆಗಾಲ, ಕಳಸದ ಆಚೆ ಗುಡ್ಡದ ತುದಿಯಲ್ಲಿ ಕಾಫಿ ಎಸ್ಟೇಟಿನ ಒಂಟಿ ಬಂಗಲೆ, ಅದರಲ್ಲಿ ಒಬ್ಬಂಟಿ ಮಾಲೀಕ. ಅವನನ್ನು ಕೊಂದವನು ಮೂರು ದಿನದಲ್ಲಿ ಸಾಕ್ಷಿಗಳನ್ನೆಲ್ಲ ಅಳಿಸಿ ಘಟ್ಟ ಇಳಿದು ಹೋಗುತ್ತಾನೆ. ನಾಲ್ಕು ವರ್ಷ ಕೂತು ಬರೆದಿದ್ದೆ. ಮಳೆಗಾಲ ಮುಗಿಯುವುದರೊಳಗೆ ಕೊಡಿ ಎಂದು ಪ್ರಕಾಶಕರು ಹೇಳಿದ್ದರು. ಐವತ್ತೆಂಟನೇ ವಯಸ್ಸಿಗೆ ಮೊದಲ ಪುಸ್ತಕ. ಇದು ಕೈತಪ್ಪಿದರೆ ಇನ್ನೊಂದು ಬರೆಯುವ ತಾಳ್ಮೆ ನನಗಿರಲಿಲ್ಲ.

ಮೊದಲು ಓದಲು ಕೊಟ್ಟದ್ದು ಪಕ್ಕದ ತೋಟದ ಸಾಹೇಬರಿಗೆ. ಜಾವಳಿಯ ಹತ್ತಿರ ನಮ್ಮಿಬ್ಬರ ತೋಟಕ್ಕೂ ನಡುವೆ ಒಂದೇ ಬೇಲಿ. ಕಾಳುಮೆಣಸಿನ ವ್ಯಾಪಾರ ಮಾಡುತ್ತಲೇ ತೋಟ ಮಾಡಿದವರು ಅವರು. ಕೈಗೆ ಸಿಕ್ಕಿದ ಪತ್ತೇದಾರಿ ಪುಸ್ತಕ ಒಂದನ್ನೂ ಬಿಟ್ಟವರಲ್ಲ. ವಾರ ಕಳೆದು ಹಾಳೆಗಳ ಕಟ್ಟನ್ನು ತಂದು ಜಗಲಿಯ ಮೇಲಿಟ್ಟರು.

"ಚೆನ್ನಾಗಿದೆ ಅಕ್ಕ. ಆದ್ರೆ ಈ ಕೊಲೆ ನಮ್ ಕಡೆ ಆಗಲ್ಲ."

"ಯಾಕಾಗಲ್ಲ?"

"ಆ ಮೂರು ದಿನ ಮಳೆ ಅಳೆದವ್ರು ಯಾರು?"

ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಫಿ ತೋಟದ ಮನೆಯೆಂದರೆ ಅಂಗಳದಲ್ಲಿ ರೈನ್‌ಗೇಜ್ ಇರಲೇಬೇಕು. ಬೆಳಿಗ್ಗೆ ಎಂಟಕ್ಕೆ ಹಿಂದಿನ ದಿನದ ಮಳೆಯನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ. ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತೇವೆ. ಲೋಕವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮದು ಇನ್ನೂ ಇಂಚು, ಸೆಂಟು; ನೂರು ಸೆಂಟಿಗೆ ಒಂದು ಇಂಚು. ಮನೆಯಲ್ಲಿ ಮದುವೆಯಿದ್ದರೂ ಸಾವಾಗಿದ್ದರೂ ಯಾರಾದರೊಬ್ಬರು ಹೋಗಿ ಅಳೆದು ಬರುತ್ತಾರೆ. ಸಾಹೇಬರಿಗೂ ನನಗೂ ಇಪ್ಪತ್ತು ವರ್ಷದಿಂದ ದಿನದ ಮೊದಲ ಮಾತು ಇದೇ. ಅವರಲ್ಲಿ ಹತ್ತು ಸೆಂಟು ಹೆಚ್ಚು ಬಿದ್ದರೆ ನನಗೆ ಹೊಟ್ಟೆಯುರಿ.

"ಎಂಟೂಕಾಲಾದ್ರೂ ಲೆಕ್ಕ ಬರ್ಲಿಲ್ಲ ಅಂದ್ರೆ ಪಕ್ಕದವ್ರು ಫೋನ್ ಮಾಡ್ತಾರೆ. ಎತ್ತಲಿಲ್ಲ ಅಂದ್ರೆ ಜೀಪ್ ಹತ್ತಿ ಬರ್ತಾರೆ. ಒಂಬತ್ತಕ್ಕೆ ಹೆಣ ಸಿಕ್ಬಿಡುತ್ತೆ. ನಿಮ್ ಕೊಲೆಗಾರ ಅಷ್ಟೊತ್ತಿಗೆ ಕಳಸನೂ ದಾಟಿರಲ್ಲ."

ನನಗೆ ಮೈಯೆಲ್ಲ ಉರಿಯಿತು. "ಮಳೆ ಲೆಕ್ಕಕ್ಕೋಸ್ಕರ ಜೀಪ್ ಹತ್ತಿ ಬರೋಷ್ಟು ಪುರಸೊತ್ತು ಯಾರಿಗಿದೆ ಮಾರಾಯ್ರೆ? ಓದೋದು ಬೇರೆ, ಬರೆಯೋದು ಬೇರೆ" ಎಂದೆ. ಕಾಫಿ ಕೂಡ ಕೊಡಲಿಲ್ಲ. ಅವರು ನಗುತ್ತಲೇ ಹೋದರು. ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದು ಹಟ ಹಿಡಿದು, ಕವರಿನ ಮೇಲೆ ಪ್ರಕಾಶಕರ ವಿಳಾಸವನ್ನೂ ಬರೆದಿಟ್ಟೆ.

ಅದರ ಮುಂದಿನ ಭಾನುವಾರ. ತೋಟಕ್ಕೆ ಆಳುಗಳಿಲ್ಲ. ಮನೆಯಲ್ಲಿ ನಾನೊಬ್ಬಳೇ, ನನ್ನಿಷ್ಟದಿಂದಲೇ ಒಬ್ಬಳೇ ಇರುವವಳು. ಎಂಟಕ್ಕೆ ಕೊಡೆ ಹಿಡಿದು ಅಂಗಳಕ್ಕಿಳಿದೆ. ಕೊನೆಯ ಮೆಟ್ಟಿಲಿನ ಪಾಚಿಗೆ ಕಾಲು ಜಾರಿತು. ಸೊಂಟದ ಹತ್ತಿರ ಏನೋ ಮುರಿದದ್ದು ನನಗೇ ಕೇಳಿಸಿತು. ಏಳಲು ಹೋದರೆ ಕಣ್ಣು ಕತ್ತಲಿಟ್ಟಿತು. ಕೂಗಿದೆ, ಮಳೆಯಲ್ಲಿ ಕೂಗು ಗೇಟಿನವರೆಗೂ ಹೋಗಲಿಲ್ಲ. ಫೋನು ಒಳಗೆ ಚಾರ್ಜಿಗಿತ್ತು. ಸ್ವಲ್ಪ ಹೊತ್ತಿಗೆ ಅದು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಯಾರೆಂದು ಗೊತ್ತಿತ್ತು. ಭಯವಾಯಿತು. ಯಾರಿಗೆ ಪುರಸೊತ್ತಿದೆ ಎಂದು ಬಾಯಿಬಿಟ್ಟು ಕೇಳಿದವಳೇ ನಾನು, ಇನ್ನು ಅವರು ಯಾಕೆ ಬರುತ್ತಾರೆ ಅನಿಸಿತು.

ಒಂಬತ್ತಾಗುವ ಮೊದಲೇ ಜೀಪು ಬಂತು. ಸಾಹೇಬರೂ ಅವರ ಹೆಂಡತಿಯೂ ಇಳಿದು ಓಡಿಬಂದರು. ಆಕೆ ತಮ್ಮ ಶಾಲನ್ನು ನನಗೆ ಹೊದಿಸಿದರು. ಸಾಹೇಬರು ಕೊಟ್ಟಿಗೆಯಿಂದ ಹಲಗೆ ತಂದರು. "ಅಲ್ಲಾಡ್ಬೇಡಿ ಅಕ್ಕ, ನಾವಿದ್ದೀವಿ."

"ಮೊದ್ಲು ಮಳೆ ನೋಡಿ. ನಾನಿನ್ನೂ ಅಳೆದಿಲ್ಲ."

ಹೆಂಡತಿ ಬೈದರೂ ಅವರು ಹೋಗಿ ಅಳೆದರು. "ಮೂರೂ ಹತ್ತು."

"ನಿಮ್ಮಲ್ಲಿ?"

"ಎರಡೂ ತೊಂಬತ್ತು."

ಆ ನೋವಿನಲ್ಲೂ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಬ್ಬರೂ ಹಲಗೆಯ ಮೇಲೆ ನನ್ನನ್ನು ಜೀಪಿಗೇರಿಸಿ ಆಸ್ಪತ್ರೆಗೆ ಒಯ್ದರು. ಆ ಥಂಡಿಯಲ್ಲಿ ಸಂಜೆಯವರೆಗೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಮೂರು ವಾರ ಬಿಟ್ಟು ಮನೆಗೆ ಬಂದೆ. ವಾಕರ್ ಹಿಡಿದು ಮೇಜಿನ ಹತ್ತಿರ ಹೋಗಿ ಮಳೆ ಪುಸ್ತಕ ತೆರೆದೆ. ಖಾಲಿ ಬಿದ್ದಿರುತ್ತದೆ ಎಂದುಕೊಂಡಿದ್ದೆ. ಒಂದು ದಿನವೂ ಖಾಲಿ ಇರಲಿಲ್ಲ. ಸಾಹೇಬರ ದಪ್ಪ ಅಕ್ಷರದಲ್ಲಿ ಇಪ್ಪತ್ತೊಂದು ಸಾಲು, ಇಂಚು, ಸೆಂಟು ಸಮೇತ. ಆಸ್ಪತ್ರೆಗೆ ಅಷ್ಟು ಸಲ ಬಂದವರು ಇದರ ಬಗ್ಗೆ ತುಟಿಪಿಟಕ್ಕೆಂದಿರಲಿಲ್ಲ. ನಾನು ಸುಲಭಕ್ಕೆ ಅಳುವವಳಲ್ಲ, ಅವತ್ತು ಅಲ್ಲೇ ಕೂತು ಅತ್ತೆ. ಈ ಮನುಷ್ಯನ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ.

ವಿಳಾಸ ಬರೆದ ಕವರನ್ನು ಒಲೆಗೆ ಹಾಕಿ, ಪ್ರಕಾಶಕರಿಂದ ಇನ್ನೊಂದು ವರ್ಷ ಕೇಳಿಕೊಂಡೆ. ನನ್ನ ಕೊಲೆಗಾರನಿಗೆ ಈಗ ಸಿಗುವುದು ಒಂದೇ ಗಂಟೆ. ಸಂಜೆ ಸಾಹೇಬರು ಬಂದಾಗ ಕಾಫಿ ಕೊಟ್ಟು, ಅಷ್ಟರಲ್ಲಿ ಅವನು ತಪ್ಪಿಸಿಕೊಳ್ಳುವುದು ಹೇಗೆ, ನೀವೇ ಒಂದು ದಾರಿ ಹೇಳಿ ಎಂದೆ.

ಅವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

"ಆಗಲ್ಲ ಅಕ್ಕ," ಎಂದರು. "ನಾವು ಬರ್ತಾ ಇರ್ತೀವಲ್ಲ."